ಟವೆಲ್ಲಿನಡಿಯ ಬೆರಳು

ಗುರಲಿಂಗ ಸರ್‌ಗೆ ಸಿಟ್ಟು ಬಂತೆಂದರೆ ಮಿರಜ ಜಂಕ್ಷನ್ನಿನಲ್ಲಿ ಹೊರಡಲು ನಿಂತ ರೈಲು ಸೀಟಿ ಊದಲು ಹಿಂದೆಮುಂದೆ ನೋಡುತ್ತಿತ್ತು. ಪಂಢರಪುರದ ಕಡೆಗೆ ಹೊರಟ ಗಾಡಿಯೊಂದು ಅವರ ದನಿ ಕೇಳಿ ಅರ್ಧ ಫರ್ಲಾಂಗು ಹಿಂದಕ್ಕೆ ಸರಿದದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಕಂಡವರ ಹೆಸರು ಮಾತ್ರ ಕೇಳಬಾರದು. ಜಗತ್ತಿನಲ್ಲಿ ಇಲ್ಲಿಯವರೆಗೆ ಆಗಿಹೋದ ಡ್ರಾಯಿಂಗ್ ಮಾಸ್ತರರ ಸಿಟ್ಟನ್ನೆಲ್ಲ ಒಂದು ತಕ್ಕಡಿಯಲ್ಲಿಟ್ಟು ಇವರ ಒಂದು ಬೆಳಗಿನ ಸಿಟ್ಟನ್ನು ಇನ್ನೊಂದರಲ್ಲಿಟ್ಟರೆ ಇವರದೇ ತೂಕ ಹೆಚ್ಚು.

ಸಿಟ್ಟಿಗೆ ಕಾರಣವೂ ಇತ್ತು. ಮಿರಜದ ಮಾರ್ಕೆಟ್ ಹಿಂದಿನ ಆ ಹೈಸ್ಕೂಲಿನಲ್ಲಿ ಅವರು ಕೂದಲು ಕರ್ರಗಿದ್ದಾಗ ಸೇರಿದ್ದರು. ಈಗ ತಲೆ ಬೆಳ್ಳಗಾಗಿತ್ತು. ಇಷ್ಟು ವರ್ಷ ಶಾಲೆ ಅವರಿಂದ ಮಾಡಿಸಿಕೊಂಡ ಕೆಲಸವೆಂದರೆ ಗಣಪತಿ ಬಂದರೆ ಮಂಟಪ, ದೊಡ್ಡವರು ಬಂದರೆ ಬಾಗಿಲ ಮುಂದೆ ರಂಗೋಲಿ, ಸ್ನೇಹಸಮ್ಮೇಳನಕ್ಕೆ ಹಿಂದಿನ ಪರದೆ, ಯಾರಾದರೂ ಸತ್ತರೆ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಭಾವಪೂರ್ಣ ಶ್ರದ್ಧಾಂಜಲಿ. ಆ ಅಕ್ಷರ ಎಷ್ಟು ಚಂದವಿರುತ್ತಿತ್ತೆಂದರೆ ಮಿರಜದ ಕೆಲವು ಹಿರಿಯರು ಅದಕ್ಕಾಗಿಯೇ ಸಾಯಲು ತಯಾರಿದ್ದರು. ಉಳಿದ ವೇಳೆಯಲ್ಲಿ, ಅಂದರೆ ಗಣಿತದವರು, ವಿಜ್ಞಾನದವರು ಕಸಿದುಕೊಂಡು ಉಳಿಸಿದ ತಾಸಿನಲ್ಲಿ, ಅವರು ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದರು.

ಕಲಿಸುವುದೆಂದರೆ ಹೇಗೆ. ಎಂಟನೆಯ, ಒಂಬತ್ತನೆಯ ಇಯತ್ತೆಯ ಮಕ್ಕಳು ಸರಕಾರದ ಎರಡು ಚಿತ್ರಕಲಾ ಪರೀಕ್ಷೆಗೆ ಕೂರುತ್ತಾರೆ: ಮೊದಲು ಎಲಿಮೆಂಟರಿ, ಅದನ್ನು ದಾಟಿದವರಿಗೆ ಇಂಟರ್‌ಮೀಡಿಯೆಟ್. ಎಲಿಮೆಂಟರಿಯಲ್ಲಿ ತಂಬಿಗೆಯನ್ನು ತಂಬಿಗೆಯಂತೆ ತೆಗೆದರೆ ಸಾಕು. ಇಂಟರ್‌ಮೀಡಿಯೆಟ್‌ಗೆ ಬಂದಾಗ ತಂಬಿಗೆಯ ಹಿಂದೆ ಒಂದು ಬಟ್ಟೆ ಇಳಿಬಿದ್ದಿರುತ್ತದೆ. ಆ ಬಟ್ಟೆಯೇ ಹುಲಿ. ಎಷ್ಟೋ ಮಕ್ಕಳನ್ನು ಅದು ತಿಂದುಹಾಕಿದೆ. ಗುರಲಿಂಗ ಸರ್ ಹುಲಿಯನ್ನು ಪಳಗಿಸುವ ವಿದ್ಯೆ ಕಂಡುಹಿಡಿದಿದ್ದರು. ಹಳೆಯ ಧೋತರವೊಂದನ್ನು ಒದ್ದೆ ಮಾಡಿ, ಹಿಂಡಿ, ಮೇಜಿನ ಮೇಲೆ ಏನೋ ಒಂದನ್ನು ಇಟ್ಟು ಅದರ ಮೇಲೆ ಹೊದಿಸುವರು. ಕೆಳಗೇನಿದೆಯೆಂದು ಯಾರಿಗೂ ಹೇಳುವುದಿಲ್ಲ. ಅರ್ಧ ವರ್ಗ ಬಟ್ಟೆಯ ನಿರಿಗೆಯನ್ನಷ್ಟೇ ನೋಡಿ ಚಿತ್ರ ತೆಗೆಯಬೇಕು. ಹೊರಗೆ ನಿಂತ ಇನ್ನರ್ಧ ವರ್ಗ ಒಳಗೆ ಬಂದು ಚಿತ್ರ ನೋಡಿಯೇ ಕೆಳಗಿರುವುದು ಕೀಲಿಯೋ, ಬದನೆಕಾಯಿಯೋ, ಸರ್‌ನ ಚಷ್ಮಾನೋ ಹೇಳಬೇಕು.

“ಬಟ್ಟಿ ಸುಳ್ಳ ಹೇಳೂದಿಲ್ಲ,” ಎನ್ನುತ್ತಿದ್ದರು. “ನೀವ್ ಹೇಳ್ತೀರಿ, ನಾ ಹೇಳ್ತೇನಿ, ಹೆಡ್‌ಬಾಯಿ ಅಂತೂ ದಿನಾ ಹೇಳ್ತಾರ. ಬಟ್ಟಿ ಮಾತ್ರ ಹೇಳೂದಿಲ್ಲ. ಎಲ್ಲಿ ಎತ್ತರ ಐತಿ ಅಲ್ಲಿ ಬಿಗಿತೈತಿ, ಎಲ್ಲಿ ತಗ್ಗೈತಿ ಅಲ್ಲಿ ಕುಂದರತೈತಿ. ನೋಡ್ರಿ. ಕೈ ಆಮ್ಯಾಲ, ಮೊದಲ ಕಣ್ಣ.”

ನೆರಳಿಗೆ ಕರಿಬಣ್ಣ ಹಚ್ಚಿದವರನ್ನು ಅವರು ವರ್ಗದಿಂದ ಹೊರಗೆ ಕಳಿಸಿ, ಬೇವಿನಗಿಡದ ನೆರಳಿನಲ್ಲಿ ನಿಲ್ಲಿಸಿ, ಅದರಲ್ಲಿ ಎಷ್ಟು ಬಣ್ಣವಿದೆಯೆಂದು ಎಣಿಸಿ ಬರಲು ಹೇಳುವರು. ಕೆಲವರು ಊಟದ ಗಂಟೆಯಾದರೂ ಎಣಿಸುತ್ತಲೇ ಇರುತ್ತಿದ್ದರು.

ಇಂಥ ಗುರುವಿನ ಕೈಯಿಂದ ಇಂಟರ್‌ಮೀಡಿಯೆಟ್ ಬ್ಯಾಚನ್ನು ಆ ವರ್ಷ ಜುಲೈಯಲ್ಲಿ ಕಿತ್ತುಕೊಂಡರು. ಕೊಟ್ಟದ್ದು ಸಾಂಗ್ಲಿಯ ತುಷಾರ ಎಂಬ ಇಪ್ಪತ್ತಾರರ ಹುಡುಗನಿಗೆ. ತುಷಾರನದು ಸಾಂಗ್ಲಿಯಲ್ಲಿ ದೊಡ್ಡ ಕ್ಲಾಸು, ಬಾಗಿಲಲ್ಲಿ ಅವನದೇ ಫೋಟೋ, ಫೋಟೋದಲ್ಲಿ ಅವನ ಕೈಯಲ್ಲಿ ಬ್ರಶ್ಶು. ನಿಜದಲ್ಲಿ ಅವನ ಕೈಯಲ್ಲಿ ಬ್ರಶ್ಶನ್ನು ಕಂಡವರು ಕೃಷ್ಣೆಯ ಎರಡೂ ದಂಡೆಯಲ್ಲಿ ಇಲ್ಲ. ಇಂಟರ್‌ಮೀಡಿಯೆಟ್‌ನಲ್ಲಿ ಮೇಲಿನ ಶ್ರೇಣಿ ಬಂದರೆ ಹತ್ತನೆಯ ಇಯತ್ತೆಯ ಮಾರ್ಕಿಗೆ ಇನ್ನಷ್ಟು ಮಾರ್ಕು ಸೇರುತ್ತದೆ, ಅಷ್ಟು ಸೇರಿದರೆ ತಾಯಿತಂದೆಗೆ ಸ್ವರ್ಗ. ತುಷಾರ ಸ್ವರ್ಗವನ್ನು ಸಿದ್ಧ ಮಾಡಿಯೇ ತಂದಿದ್ದ. ಅವನ ಹತ್ತಿರ ಐದು ‘ಫಿಗರ್’ ಇದ್ದವು: ಛತ್ರಿ ಹಿಡಿದ ಹೆಂಗಸು, ಕೊಡ ಹೊತ್ತ ಹೆಂಗಸು, ಬಲೂನು ಹಿಡಿದ ಹುಡುಗ, ರುಮಾಲು ಸುತ್ತಿ ಕೋಲೂರಿದ ಅಜ್ಜ, ಮತ್ತು ಒಂದು ನಾಯಿ. ಕಂಡದ್ದನ್ನು ನೆನೆದು ತೆಗೆಯುವ ಸ್ಮರಣಚಿತ್ರದ ಪೇಪರಿನಲ್ಲಿ ಏನೇ ವಿಷಯ ಬರಲಿ, ಈ ಐವರನ್ನು ಅಲ್ಲಿ ಇಲ್ಲಿ ನಿಲ್ಲಿಸಿ ಹಿಂದೆ ಒಂದು ತೆಂಗಿನಮರ ನೆಟ್ಟರೆ ಮುಗಿಯಿತು. ಪೋಸ್ಟ್ ಆಫೀಸಿನಲ್ಲಿಯೂ ತೆಂಗಿನಮರ, ದವಾಖಾನೆಯಲ್ಲಿಯೂ ನಾಯಿ.

ಗುರಲಿಂಗ ಸರ್ ಆ ವರ್ಗದ ಬಾಗಿಲಲ್ಲಿ ನಿಂತು ಮೊದಲ ಸಲ ನೋಡಿದಾಗ ನಲವತ್ತು ಮಕ್ಕಳು ಒಂದೇ ಹೆಂಗಸಿನ ಒಂದೇ ಛತ್ರಿ ತೆಗೆಯುತ್ತಿದ್ದರು. ಇಷ್ಟು ಛತ್ರಿ ಮಿರಜದ ಮಳೆಗಾಲಕ್ಕೂ ಬೇಕಿರಲಿಲ್ಲ.

ಮೂರನೆಯ ಬೆಂಚಿನಲ್ಲಿ ಮಾತ್ರ ಒಂದು ಛತ್ರಿ ತಿರುವಿಬಿದ್ದಿತ್ತು. ಅದರ ಕಡ್ಡಿಗಳು ಮೇಲಕ್ಕೆದ್ದು ಬಟ್ಟೆ ಬಟ್ಟಲಿನಂತಾಗಿತ್ತು, ಹೆಂಗಸು ಹಿಂದಕ್ಕೆ ಬಾಗಿ ಎರಡೂ ಕೈಯಿಂದ ಹಿಡಿದಿದ್ದಳು. ತೆಗೆದವಳು ಬ್ರಾಹ್ಮಿ, ಮ್ಹೈಸಾಳದ ಕಬ್ಬಿನ ರೈತ ಶಾಂತಿನಾಥನ ಮಗಳು, ಒಂಬತ್ತನೆಯ ಇಯತ್ತೆ. ಮಾತು ಕಡಿಮೆ. ಮನೆಯಲ್ಲಿ ಕನ್ನಡ ಕೇಳಿ ಮರಾಠಿಯಲ್ಲಿ ಉತ್ತರ ಕೊಡುವ ಮಕ್ಕಳ ಪೈಕಿಯವಳು. ಶಾಲೆಯಲ್ಲಿ ಮಾಸ್ತರರ ಜತೆ ಮಾತ್ರ ಕನ್ನಡ ಆಡುತ್ತಿದ್ದಳು. ಅವಳು ಏನನ್ನಾದರೂ ನೋಡತೊಡಗಿದರೆ ನೋಡಿಸಿಕೊಂಡ ವಸ್ತುವಿಗೇ ನಾಚಿಕೆಯಾಗಬೇಕು, ಅಂಥ ಕಣ್ಣು.

“ಇದೇನ ಇದು?” ಎಂದ ತುಷಾರ.

“ಸರ್, ಹೊಳೀ ಒಡ್ಡಿನ ಮ್ಯಾಲ ಗಾಳಿ ಹಿಂಗ ಬಿಡತೈತ್ರಿ. ನಮ್ಮ ಮಾವಶೀ ಛತ್ರಿ ಹಿಂಗ ಆಗಿತ್ತ.”

“ನಿಮ್ಮ ಮಾವಶಿ ಪರೀಕ್ಷಾಕ್ಕ ಬರೂದಿಲ್ಲ. ಫಿಗರ್ ಬದಲ ಮಾಡಬ್ಯಾಡ ಅಂತ ಎಷ್ಟ್ ಸಲ ಹೇಳಬೇಕ? ಮತ್ತ ನೆರಳ ಯಾಕ ಎಡಕ್ಕ ಹಾಕೀದಿ? ಬೆಳಕ ಯಾವಾಗಲೂ ಎಡಗಡಿಂದ ಬರತೈತಿ, ನೆರಳ ಬಲಕ್ಕ.”

“ಸರ್, ಕಿಡಕಿ ಬಲಕ್ಕ ಐತ್ರಿ.”

“ಕಿಡಕೀನೂ ಪರೀಕ್ಷಾಕ್ಕ ಬರೂದಿಲ್ಲ.”

ವರ್ಗ ನಕ್ಕಿತು. ಬಾಗಿಲಲ್ಲಿದ್ದ ಗುರಲಿಂಗ ಸರ್‌ಗೆ ನೆತ್ತಿಗೇರಿದ್ದು ರಕ್ತವೋ ಹೊಗೆಯೋ ತಿಳಿಯಲಿಲ್ಲ. ಅವರು ಒಳಗೆ ನುಗ್ಗಿ, ಕಿಟಕಿಯ ಎರಡೂ ಬಾಗಿಲನ್ನು ಧಡ್ ಎಂದು ಪೂರ್ತಿ ತೆರೆದು, ಬಂದ ಬೆಳಕನ್ನು ತಾವೇ ಕರೆತಂದವರಂತೆ ತುಷಾರನ ಮುಖಕ್ಕೆ ತೋರಿಸಿ ಹೊರಬಂದರು. ಆ ಸದ್ದಿಗೆ ಕುಪವಾಡ ಎಂಐಡಿಸಿಯ ಎರಡು ಕಾರಖಾನೆಯಲ್ಲಿ ಪಾಳಿ ಮುಗಿದ ಭೋಂಗಾ ಕೂಗಿತೆಂದು ತಿಳಿದು ಕೆಲಸಗಾರರು ಹೊರಬಿದ್ದರು.

ಆದರೆ ಮರುವಾರ ತುಷಾರನ ಸೇಡು ಕಾಗದದ ಮೇಲೆ ಬಂತು. ಪರೀಕ್ಷೆಗೆ ಕಳಿಸುವ ಹೆಸರುಗಳಲ್ಲಿ ಬ್ರಾಹ್ಮಿಯದಿರಲಿಲ್ಲ.

ಮುಖ್ಯಾಧ್ಯಾಪಕಿ ಶಾಲನಬಾಯಿ ತಮ್ಮ ಕೋಣೆಯಲ್ಲಿ ಚಹಾ ಆರಿಸುತ್ತ ಕುಳಿತಿದ್ದರು. ಕೆಟ್ಟವರಲ್ಲ. ಎಲ್ಲರಿಗೂ ಹೌದೆನ್ನುವ ಅಭ್ಯಾಸ. ಕೊನೆಗೆ ಬಂದವರ ಮಾತು ನಡೆಯುತ್ತಿತ್ತು, ಅಷ್ಟೇ.

“ಬಾಯಿ, ಆ ಹುಡುಗಿ ಹೆಸರ ಯಾಕ ಬಿಟ್ರಿ?”

“ತುಷಾರ ಸರ್ ಅಂದ್ರು, ಆಕಿ ಕುಂತ್ರ ನೂರಕ್ಕ ನೂರ ಪಾಸಿನ ನಿಕಾಲ ಕೆಡತೈತಂತ. ಗೇಟಿಗೆ ಬೋರ್ಡ ಹಚ್ಚೂದೈತಲ್ಲ, ಗುರಲಿಂಗ ಸರ್. ನೂರಕ್ಕ ನೂರ ಅಂತ ನೀವ ಬರೀಬೇಕಲ್ಲ.”

“ನಾ ಬರ್ಯಾಂವ. ಆಕಿ ತಗ್ಯಾಕಿ. ಮತ್ತ ಆಕೀನ ಬಿಟ್ಟ ನೂರ ಅಂತ ನಾ ಬರೀಲೇನ?” ಗುರಲಿಂಗ ಸರ್ ದನಿ ತಗ್ಗಿಸಲು ಯತ್ನಿಸಿದರು, ಗೋಡೆಯ ಗಡಿಯಾರ ನಿಂತುಹೋಯಿತು. “ಈ ಇಡೀ ಶಾಳಾದಾಗ ಕಣ್ಣ ಇದ್ದಾಕಿ ಆಕಿ ಒಬ್ಬಾಕಿ. ಉಳದವರಿಗೆ ಫಿಗರ್ ಅದಾವ, ಕಣ್ಣಿಲ್ಲ.”

“ನನ್ನ ಕೈಯಾಗ ಏನೂ ಇಲ್ರಿ. ಅಧ್ಯಕ್ಷರು ಅಣ್ಣಾವ್ರು ಹೂಂ ಅಂದ್ರ ಸೇರಸ್ತೇನಿ. ಸೋಮವಾರ ಹೆಸರ ಹೋಗತಾವ. ಶನಿವಾರ ಅಣ್ಣಾವ್ರಿಗೆ ಎಪ್ಪತ್ತೈದ ತುಂಬಿದ್ದಕ್ಕ ಪಂಚಾಹತ್ತರಿ ಸತ್ಕಾರ. ರಂಗೋಲಿ, ಬೋರ್ಡ, ಹಾಲಿನ ಗ್ವಾಡಿಗೆ ಚಿತ್ರ ಹಚ್ಚೂದು, ಎಲ್ಲಾ ನಿಮ್ಮ ಕಡೆ ಐತಿ, ಮರೀಬ್ಯಾಡ್ರಿ.”

ಮರೆಯಲು ಬಿಟ್ಟವರಾರು. ಗುರಲಿಂಗ ಸರ್ ಬುಧವಾರ ಶಾಲೆ ಬಿಟ್ಟ ಮೇಲೆ ಬ್ರಾಹ್ಮಿಯನ್ನು ಕರೆದುಕೊಂಡು, ಅವಳ ತಂದೆಗೆ ಫೋನು ಮಾಡಿ ಹೇಳಿ, ಬಾಡಿಗೆಗೆ ಮಂದಿ ತುಂಬುವ ವಡಾಪಿನ ಜೀಪಿನಲ್ಲಿ ಹದಿನೆಂಟು ಜನರ ನಡುವೆ ಹತ್ತೊಂಬತ್ತನೆಯವರಾಗಿ ತೂರಿಕೊಂಡು ಸಾಂಗ್ಲಿಯ ಅರಿಸಿನದ ಪೇಟೆಗೆ ಹೋದರು.

ಶಾಲೆಯ ಅಧ್ಯಕ್ಷರಾದ ಶಿವಲಿಂಗಪ್ಪ ಅಣ್ಣಾ ಅರಿಸಿನದ ದೊಡ್ಡ ವ್ಯಾಪಾರಿ. ಬೋಳು ತಲೆ, ನುಣ್ಣನೆ ಬೋಳಿಸಿದ ಮುಖ, ಬಿಳಿ ಶರ್ಟು, ಬಿಳಿ ಪ್ಯಾಂಟು. ಎಪ್ಪತ್ತೈದಾದರೂ ದಿನಾ ಬೆಳಿಗ್ಗೆ ಆಮ್ರಾಯಿ ತೋಟಕ್ಕೆ ಕೋಲಿಲ್ಲದೆ ಸುತ್ತು ಹಾಕುತ್ತಾರೆ, ಮತ್ತು ಕೋಲಿಲ್ಲದೆ ಹಾಕಿದ್ದನ್ನು ದಿನವಿಡೀ ಹೇಳುತ್ತಾರೆ. ಅವರ ಅಂಗಡಿಯ ಗಾಳಿಗೇ ಬಣ್ಣವಿತ್ತು. ಬಿಳಿ ಬೆಕ್ಕು ಒಳಗೆ ಹೋದರೆ ಹೊರಗೆ ಹಳದಿಯಾಗಿ ಬರುತ್ತಿತ್ತು. ಮಾರ್ಕೆಟ್ ಯಾರ್ಡಿನಲ್ಲಿ ಈಗ ಎಲ್ಲ ಬಹಿರಂಗ ಹರಾಜು. ಅಣ್ಣಾ ಮಾತ್ರ ತಮ್ಮ ಗಾದಿಯ ಮೇಲೆ, ಹಳೆಯ ಗಿರಾಕಿಗಳ ಜತೆ, ಇನ್ನೂ ತಂದೆಯ ಕಾಲದ ಪದ್ಧತಿಯನ್ನೇ ನಡೆಸಿದ್ದರು: ಇಬ್ಬರೂ ಕೈಯನ್ನು ಒಂದು ಟವೆಲ್ಲಿನಡಿಗೆ ಒಯ್ದು, ಬೆರಳು ಹಿಡಿದು, ಮಡಚಿ, ಒತ್ತಿ ದರ ಹೇಳುವುದು. ಸುತ್ತ ಕೂತವರಿಗೆ ಟವೆಲ್ಲು ಅಲುಗಿದ್ದಷ್ಟೇ ಕಾಣುತ್ತದೆ. ಬಾಯಿಯಲ್ಲಿ ಮಾತ್ರ ಮಳೆಬೆಳೆಯ ಸುದ್ದಿ.

ಇವರು ಹೋದಾಗ ಅಣ್ಣಾರ ಬಾಲ್ಯದ ಗೆಳೆಯ, ಮಿರಜದ ಕಿರಾಣಿ ವ್ಯಾಪಾರಿ ಸಿದ್ರಾಮಪ್ಪ ಆಗಷ್ಟೇ ಟವೆಲ್ಲಿನಿಂದ ಕೈ ಹೊರಗೆ ತೆಗೆದು ಏಳುತ್ತಿದ್ದ.

“ಸಿದ್ರಾಮಾ, ನಿನಗ ಕೊಟ್ಟ ದರಾ ನನ್ನ ಅಳಿಯಗೂ ಕೊಟ್ಟಿಲ್ಲ. ಯಾರ ಮುಂದೂ ಬಾಯಿ ಬಿಡಬ್ಯಾಡ,” ಎಂದು ಅಣ್ಣಾ ಅವನ ಬೆನ್ನು ತಟ್ಟಿ ಕಳಿಸಿದರು. ಅವನು ಹೊಸ್ತಿಲು ದಾಟಿದ್ದೇ ತಡ, ಅಲ್ಲೇ ಅವನಿಗೆ ಎದುರಾದ ಕೊಲ್ಹಾಪುರದ ಕಡೆಯ ಇನ್ನೊಬ್ಬ ಗಿರಾಕಿ ಬಂದು ಅದೇ ಜಾಗದಲ್ಲಿ ಕುಳಿತ. ಅದೇ ಟವೆಲ್ಲು ಮತ್ತೆ ಬಿತ್ತು.

“ಏನ್ ಮಾಸ್ತರ, ಕುಂದ್ರಿ, ಕುಂದ್ರಿ. ಒಂದೀಟ ತಡೀರಿ.”

ತಡೆದರು. ತಾಸು ತಡೆದರು. ಗುರಲಿಂಗ ಸರ್ ಒಳಗೊಳಗೆ ಕುದಿಯುತ್ತ, ಬ್ರಾಹ್ಮಿಯ ಕೈ ಖಾಲಿ ಕೂತದ್ದನ್ನು ಕಂಡು, “ಏನರೆ ತಗೀತಾ ಕುಂದ್ರ. ಮುಂದ ಏನೈತಿ ಅದನ್ನ. ನೆನಪಿಂದಲ್ಲ,” ಎಂದರು. ಅವಳು ಚೀಲದಿಂದ ಹಾಳೆ ತೆಗೆದು ಮೊಣಕಾಲ ಮೇಲಿಟ್ಟು, ಪೆನ್ಸಿಲನ್ನು ಕೈಯುದ್ದ ಚಾಚಿ, ಒಂದು ಕಣ್ಣು ಮುಚ್ಚಿ ಅಣ್ಣಾರನ್ನು ಅಳೆದಳು. ಅಣ್ಣಾರಿಗೆ ಅದು ಕಾಣಲಿಲ್ಲ. ಅವರ ಪ್ರಾಣ ಟವೆಲ್ಲಿನಡಿ ಇತ್ತು.

ಕೊನೆಗೆ ಅವರು ಇತ್ತ ತಿರುಗಿದಾಗ ಗುರಲಿಂಗ ಸರ್ ಹೇಳಬೇಕಾದ್ದನ್ನೆಲ್ಲ ಹೇಳಿದರು. ಫಿಗರಿನದು, ಕಿಟಕಿಯದು, ಬಿಟ್ಟ ಹೆಸರಿನದು. ಅಣ್ಣಾ ಒಂದು ಅರಿಸಿನದ ಕೊಂಬು ಮುರಿದು ಒಳಗಿನ ಬಣ್ಣ ನೋಡುತ್ತ ಕೇಳಿಸಿಕೊಂಡರು.

“ಮಾಸ್ತರ, ನೀವ್ ಶ್ಯಾಣ್ಯಾ ಮನಶ್ಯಾ. ಆದ್ರ ನಿಮ್ಮ ಕಾಲ ಮುಗೀತು. ಈಗ ನಿಕಾಲ ಬೇಕ. ಆ ತುಷಾರ ಚಲೋ ಹುಡಗ, ಅವನ ಚಿತ್ರ ಎಲ್ಲಾ ಸ್ವಚ್ಛ ಇರತಾವ, ಒಂದರಾಂಗ ಒಂದ.”

“ಅದಽ ರೋಗ, ಅಣ್ಣಾ. ಒಂದರಾಂಗ ಒಂದ.”

“ಮಾಲ ಹಂಗಽ ಇರಬೇಕ. ಒಂದ ಚೀಲದಾಗ ಎರಡ ನಮೂನಿ ಕೊಂಬ ಬಂದ್ರ ಗಿರಾಕಿ ತಗೋಳೂದಿಲ್ಲ.” ಬ್ರಾಹ್ಮಿಯ ಕಡೆ ನೋಡಿ ನಕ್ಕರು. “ಇರಲಿ ಬಿಡವಾ ತಂಗಿ, ಮುಂದಿನ ವರ್ಷ ಕುಂದ್ರುವಿಯಂತ. ಮಾಸ್ತರ, ಶನಿವಾರ ರಂಗೋಲಿ ಮಾತ್ರ ಭಾಳ ಚಂದ ಆಗಬೇಕ. ನಿಮ್ಮ ರಂಗೋಲಿ ಅಂದ್ರ ರಂಗೋಲಿ.”

ಮುಂದಿನ ವರ್ಷ ಅವಳಿಗೆ ಹತ್ತನೆಯ ಇಯತ್ತೆ. ತಂದೆ ಚಿತ್ರದ ಮಾತೆತ್ತಲು ಬಿಡುವುದಿಲ್ಲವೆಂದು ಗುರಲಿಂಗ ಸರ್‌ಗೂ ಗೊತ್ತು, ಅವಳಿಗೂ ಗೊತ್ತು. ಈ ಸಲ ತಪ್ಪಿದರೆ ತಪ್ಪಿತು. ಹೊರಗೆ ಬಂದು ವಡಾಪಿಗೆ ಕಾಯುವಾಗ ಅವರಿಗೆ ಸಾಂಗ್ಲಿಯ ಅಷ್ಟೂ ಅರಿಸಿನವನ್ನು ಕೃಷ್ಣೆಗೆ ಸುರಿದು, ಹರಿಪುರದ ಸಂಗಮದವರೆಗೂ ಹೊಳೆಯನ್ನು ಹಳದಿ ಮಾಡಿಬಿಡಬೇಕೆನ್ನಿಸಿತು. ಮಾಲಂತೆ. ಮಕ್ಕಳನ್ನು ಮಾಲೆಂದ ಬಾಯಿಗೆ ಶನಿವಾರ ಪೇಢೆ ತಿನ್ನಿಸುತ್ತಾರೆ, ಆ ಬಾಯಿ ಬರುವ ದಾರಿಗೆ ತಾವು ರಂಗೋಲಿ ಹಾಕಬೇಕು.

“ಸರ್,” ಎಂದು ಬ್ರಾಹ್ಮಿ ಹಾಳೆ ಚಾಚಿದಳು. “ನೆರಳ ಬರೊಬ್ಬರಿ ಆಗೇತೇನ್ರಿ?”

ಅವರು ನೋಡಿದರು. ಜೀಪು ಬಂತು, ತುಂಬಿತು, ಹೋಯಿತು. ಅವರು ನೋಡುತ್ತಲೇ ಇದ್ದರು. ಗಾದಿಯ ಮೇಲೆ ಅಣ್ಣಾ, ಮುಖ ಅರ್ಧ ಆ ಕಡೆ, ಕಿವಿಯ ಕೂದಲು ಸಹಿತ. ಚಪ್ಪಲಿ ಬಿಟ್ಟ ಒಂದು ಕಾಲು ಇನ್ನೊಂದರ ಹೆಬ್ಬೆರಳನ್ನು ಒತ್ತಿ ಹಿಡಿದಿತ್ತು. ಮುಖ ನಗುತ್ತಿತ್ತು, ಕಾಲು ನಗುತ್ತಿರಲಿಲ್ಲ. ಎದುರಿಗೆ ಕೊಲ್ಹಾಪುರದ ಗಿರಾಕಿ, ನಡುವೆ ಟವೆಲ್ಲು. ಅಯ್ಯೋ ಆ ಟವೆಲ್ಲು. ಎಲ್ಲಿ ಗೆಣ್ಣು ಎದ್ದಿದೆಯೋ ಅಲ್ಲಿ ಬಿಗಿದಿತ್ತು, ಎಲ್ಲಿ ಬೆರಳು ಮಡಚಿದೆಯೋ ಅಲ್ಲಿ ಕುಳಿತಿತ್ತು. ಕಾಣದ ಎರಡು ಕೈ ಕಂಡ ಕೈಗಿಂತ ನಿಚ್ಚಳವಾಗಿದ್ದವು. ಹತ್ತು ವರ್ಷ ಕಲಿಸಿದರೂ ಬಾರದ್ದು ಒಂದು ತಾಸಿನಲ್ಲಿ, ಮೊಣಕಾಲ ಮೇಲೆ ಬಂದುಬಿಟ್ಟಿತ್ತು.

“ಬರೊಬ್ಬರಿ ಐತಿ,” ಎಂದರು. ಬೈಯುವ ದನಿಯಲ್ಲಿ ಹೇಳಿದರು. “ಇದನ್ನ ನನ್ನ ಕಡೆ ಕೊಡ.”

ಶನಿವಾರ ಬಂತು. ಗುರಲಿಂಗ ಸರ್ ಹಟಕ್ಕೆ ಬಿದ್ದು ರಂಗೋಲಿ ಹಾಕಿದ್ದರು. ಅದರಲ್ಲಿಯ ನವಿಲು ಎಷ್ಟು ಜೀವಂತವಾಗಿತ್ತೆಂದರೆ ಗೇಟಿನ ಕಾವಲುಗಾರ ಅದಕ್ಕೆ ಎರಡು ಸಲ ಕಾಳು ಹಾಕಿದ. ಹಾಲಿನೊಳಗೆ ಮೂರು ಗೋಡೆಗೂ ತುಷಾರನ ಬ್ಯಾಚಿನ ಚಿತ್ರಗಳು. ಅವನು ಸತ್ಕಾರಕ್ಕೆಂದು ಮಕ್ಕಳಿಗೆ ಸ್ಮರಣಚಿತ್ರದ ವಿಷಯವನ್ನೇ ಕೊಟ್ಟಿದ್ದ: ನಮ್ಮ ಶಾಲೆಯಲ್ಲಿ ಸನ್ಮಾನ್ಯ ಅಧ್ಯಕ್ಷರು. ಮಕ್ಕಳು ಕಲಿಸಿದ್ದನ್ನು ತಪ್ಪದೆ ಮಾಡಿದ್ದರು. ಹಿರಿಯರೆಂದರೆ ಯಾವ ಫಿಗರ್ ಎಂಬುದರಲ್ಲಿ ಒಬ್ಬರಿಗೂ ಅನುಮಾನ ಬಂದಿರಲಿಲ್ಲ. ತುಷಾರನಿಗೂ ಬಂದಿರಲಿಲ್ಲ, ಅವನು ಹಾಳೆ ನೋಡುವುದು ಗೆರೆ ಸ್ವಚ್ಛವಿದೆಯೋ ಎಂದಷ್ಟೇ.

ಚಿತ್ರಗಳನ್ನು ಗೋಡೆಗೆ ಹಚ್ಚುವ ಕೂಲಿ ಗುರಲಿಂಗ ಸರ್‌ದಾದ್ದರಿಂದ, ನಡುಗೋಡೆಯ ನಟ್ಟನಡುವೆ ಒಂದು ಹಾಳೆಯ ಜಾಗ ಬಿಟ್ಟು, ಅಲ್ಲಿ ಬ್ರಾಹ್ಮಿಯದನ್ನು ಹಚ್ಚಿದರು. ಹಚ್ಚಲು ಸುತ್ತಿಗೆ ಬೇಕಾಗಲಿಲ್ಲ. ಆಣಿಗಳು ಅವರ ಮುಖ ನೋಡಿ ತಾವೇ ಒಳಗಿಳಿದವು.

ಬ್ಯಾಂಡು ಬಾರಿಸಿತು. ಅಣ್ಣಾ ಕೋಲಿಲ್ಲದೆ ಬಂದರು. ಹಿಂದೆ ಸಾಂಗ್ಲಿ ಮಿರಜದ ವ್ಯಾಪಾರಿಗಳ ದಂಡು, ಸಿದ್ರಾಮಪ್ಪನೂ ಇದ್ದ. ಶಾಲನಬಾಯಿ ಶಾಲು ಹೊದಿಸಿದರು. ಹಾರ ಆಮೇಲೆ ವೇದಿಕೆಯ ಮೇಲೆಂದು, ಮೊದಲು ಪ್ರದರ್ಶನ ತೋರಿಸಲು ಕರೆದೊಯ್ದರು. ಅಣ್ಣಾ ಮೊದಲ ಗೋಡೆಯ ಮುಂದೆ ನಿಂತರು. ರುಮಾಲು ಸುತ್ತಿದ, ಮೀಸೆ ಬಿಟ್ಟ, ಸೊಂಟ ಬಗ್ಗಿದ ಮುದುಕನೊಬ್ಬ ಕೋಲೂರಿ ನಿಂತಿದ್ದ. ಹಿಂದೆ ತೆಂಗಿನಮರ. ಪಕ್ಕದಲ್ಲಿ ನಾಯಿ. ಮುಂದಿನ ಹಾಳೆಯಲ್ಲಿಯೂ ಅವನೇ. ಅದರ ಮುಂದೆಯೂ.

“ಈ ಮುದಕ ಯಾಂವ?” ಎಂದರು ಅಣ್ಣಾ.

ತುಷಾರ ಮುಂದೆ ಬಂದು ಕೈಮುಗಿದ. “ನೀವಽ ರೀ ಅಣ್ಣಾ.”

“ನಾನ?”

“ಹೌದ್ರಿ. ವಿಷಯ ಮ್ಯಾಲ ಬರದೈತ್ರಿ.”

ಅಣ್ಣಾ ತಮ್ಮ ಬೋಳುತಲೆ ಮುಟ್ಟಿಕೊಂಡರು, ಬೋಳಿಸಿದ ತುಟಿ ಮುಟ್ಟಿಕೊಂಡರು. ಹಿಂದಿನ ವ್ಯಾಪಾರಿಯೊಬ್ಬ, “ಅಣ್ಣಾ, ನಾಯಿ ಯಾವಾಗ ಸಾಕಿದ್ರಿ?” ಎಂದ. ದಂಡಿನಲ್ಲಿ ಕಿಸಕ್ ಎಂದು ನಗೆ ಎದ್ದು ಮಕ್ಕಳವರೆಗೆ ಹರಿಯಿತು. ನಲವತ್ತು ಮುದುಕರು ಕೋಲೂರಿ ಆ ಕಡೆ ಈ ಕಡೆ ನಿಂತು ಅಣ್ಣಾರ ಎಪ್ಪತ್ತೈದನ್ನು ನೂರೈವತ್ತು ಮಾಡಿಬಿಟ್ಟಿದ್ದರು. ಅಣ್ಣಾರ ಕಿವಿ ಕೆಂಪೇರಿತು. ಅವರು ದಾಪುಗಾಲಿಟ್ಟು ನಡುಗೋಡೆಗೆ ಬಂದರು, ಮತ್ತು ಅಲ್ಲಿ ನಿಂತುಬಿಟ್ಟರು.

ಅಲ್ಲಿ ತಾವೇ ಇದ್ದರು. ತಮ್ಮ ಗಾದಿ, ತಮ್ಮ ಕಿವಿ, ಹೆಬ್ಬೆರಳು ಒತ್ತುವ ತಮ್ಮ ಕಾಲು. ಆ ಅಭ್ಯಾಸ ಹೆಂಡತಿಗೆ ಬಿಟ್ಟು ಇನ್ನಾರಿಗೂ ಗೊತ್ತಿಲ್ಲವೆಂದು ಅವರು ತಿಳಿದಿದ್ದರು. ನಿಧಾನಕ್ಕೆ ಅವರ ಮುಖ ಸಡಿಲಾಯಿತು. “ಇದ ಯಾರ ತಗದಾರ? ಇದಕ್ಕ ಅಂತಾರ...” ಎನ್ನುವಷ್ಟರಲ್ಲಿ ಸಿದ್ರಾಮಪ್ಪ ಅವರ ಹೆಗಲ ಮೇಲಿಂದ ಬಗ್ಗಿದ. ಚಷ್ಮಾ ಒರೆಸಿ ಹಾಕಿಕೊಂಡು, ಅಣ್ಣಾರ ಮುಖದ ಕಡೆ ನೋಡಲೇ ಇಲ್ಲ. ನೇರ ಟವೆಲ್ಲಿಗೆ ಹೋದ. ಐವತ್ತು ವರ್ಷ ಟವೆಲ್ಲಿನಡಿ ಬದುಕಿದ ಮನುಷ್ಯ. ತನ್ನ ಬಲಗೈ ಎತ್ತಿ, ಚಿತ್ರದಲ್ಲಿಯ ನಿರಿಗೆಗೆ ಸರಿಯಾಗಿ ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿ ನೋಡಿದ.

“ಶಿವಲಿಂಗಾ,” ಎಂದ. ದನಿ ಬಹಳ ಮೆತ್ತಗಿತ್ತು. “ಈ ಕೊಲ್ಹಾಪುರದಾಂವಗ ಬುಧವಾರ ಈ ದರಾ ಕೊಟ್ಟಿಯೇನ? ಅಳಿಯಗೂ ಕೊಡಲಾರದ್ದ ದರಾ ನನಗ ಕೊಟ್ಟಿದ್ದ್ಯಲ್ಲ. ಇದ ಅದಕ್ಕಿಂತ ಅಗ್ಗಾ ಐತಲ್ಲೊ.”

ಉಳಿದ ವ್ಯಾಪಾರಿಗಳು ಒಬ್ಬರ ಮೇಲೊಬ್ಬರು ಬಿದ್ದು ಹಾಳೆಗೆ ಮೂಗು ತಾಗಿಸಿದರು; ಎಲ್ಲರ ಬೆರಳೂ ಗಾಳಿಯಲ್ಲಿ ಮಡಚುತ್ತ ಬಿಚ್ಚುತ್ತ ಇದ್ದವು. ಸಾಂಗ್ಲಿಯ ಅರಿಸಿನ ಪೇಟೆ ಹುಟ್ಟಿದಾಗಿನಿಂದ ಟವೆಲ್ಲು ಬಾಯಿ ಬಿಟ್ಟದ್ದು ಅದೇ ಮೊದಲು. ಗುರಲಿಂಗ ಸರ್‌ಗೆ ನಿಜಕ್ಕೂ ಇದರ ಕಲ್ಪನೆ ಇರಲಿಲ್ಲ. ಅವರಿಗೆ ಬೆರಳು ಕಂಡಿತ್ತು, ಬೆರಳಿನ ಲೆಕ್ಕ ಗೊತ್ತಿರಲಿಲ್ಲ.

“ತಗೀರಿ ಅದನ್ನ,” ಎಂದರು ಅಣ್ಣಾ. “ಮಾಸ್ತರ, ಈಗಿಂದೀಗ ತಗೀರಿ.”

ಎಲ್ಲರೂ ಗುರಲಿಂಗ ಸರ್ ಕಡೆ ನೋಡಿದರು. ವರ್ಷಗಟ್ಟಲೆ ತಗೀರಿ ಎಂದಾಗ ತೆಗೆದ, ಹಚ್ಚಿರಿ ಎಂದಾಗ ಹಚ್ಚಿದ ಮನುಷ್ಯ. ಅವರು ಹೋಗಿ ಚಿತ್ರದ ಮುಂದೆ ಬೆನ್ನು ಕೊಟ್ಟು ನಿಂತರು.

“ತಗ್ಯಾಂಗಿಲ್ರಿ.”

“ಏನಂದ್ರಿ?”

“ಈ ಚಿತ್ರ ತಗದಾಕಿ ಪರೀಕ್ಷಾಕ್ಕ ಕುಂದ್ರಾಕ ಲಾಯಕ್ಕಿಲ್ಲ ಅಂತ ನಿಮ್ಮ ಶಾಳಾ ಹೇಳತೈತಿ, ಅಣ್ಣಾ. ಈ ನಲವತ್ತ ಮಂದಿ ಲಾಯಕ್ಕ ಅದಾರ. ನಿಮ್ಮ ತಲೀ ಮ್ಯಾಲ ರುಮಾಲ ಐತೋ ಇಲ್ಲೋ ಇವರಿಗೆ ತಿಳೀವಲ್ದು. ತಪ್ಪ ಮಕ್ಕಳದಲ್ಲ, ನೋಡಬ್ಯಾಡ್ರಿ ಅಂತ ಕಲಿಸೀರಿ, ನೋಡಲಿಲ್ಲ. ಈಕಿ ನೋಡಿದ್ಳು. ನೋಡಿದ್ದಕ್ಕ ಹೊರಗ ಹಾಕಿದ್ರಿ. ಈಗ ಆಕೀ ಚಿತ್ರಾನೂ ಹೊರಗ ಹಾಕಂತೀರಿ.” ಅವರ ದನಿ ಏರಲೇ ಇಲ್ಲ. ಅವರನ್ನು ಬಲ್ಲವರಿಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. “ನಾಳೆ ರಂಗೋಲಿ ಬ್ಯಾರೆ ಯಾರ ಹತ್ರ ಹಾಕಸ್ಕೋರಿ. ನಾ ಇಲ್ಲಿಂದ ಸರಿಯಾಂಗಿಲ್ಲ.”

ಶಾಲನಬಾಯಿ ಹಾರ ಹಿಡಿದುಕೊಂಡೇ ಕುರ್ಚಿಯಲ್ಲಿ ಕುಸಿದರು. ತುಷಾರ, “ಅಣ್ಣಾ, ಆಕಿ ನೆರಳ ಸುದ್ಧಾ ತಪ್ಪ ಹಾಕ್ಯಾಳ, ಎಡಕ್ಕ,” ಎಂದ.

“ನನ್ನ ಅಂಗಡೀ ಬಾಗಲ ಬಲಕ್ಕ ಐತೊ,” ಎಂದರು ಅಣ್ಣಾ. ಅವನ ಕಡೆ ನೋಡದೆಯೇ.

ಸಿದ್ರಾಮಪ್ಪ ನಡುವೆ ಬಂದ. ದರದ ಸಿಟ್ಟು ಅವನ ಮುಖದಲ್ಲಿ ಇನ್ನೂ ಇತ್ತು, ಅದರ ಮೇಲೆ ಮೋಜೂ ಏರತೊಡಗಿತ್ತು. “ಎಲ್ಲಾರ ಮುಂದ ಬಾಯಿಲೆ ಯಾಕ ಜಗಳಾ ಮಾಡ್ತೀರಿ? ಹೊದಿಸಿದ ಶಾಲ ಐತಿ. ಕೈ ಒಳಗ ಹಾಕ್ರಿ, ಮಾತ ಮುಗಸ್ರಿ.” ಎಂದು ಅಣ್ಣಾರ ಹೆಗಲ ಮೇಲಿನ ಸತ್ಕಾರದ ಶಾಲಿನ ಸೆರಗನ್ನು ಎಳೆದು ಇಬ್ಬರ ಕೈಯ ಮೇಲೆ ಹಾಕಿಬಿಟ್ಟ.

ಗುರಲಿಂಗ ಸರ್ ಜನ್ಮದಲ್ಲಿ ಅರಿಸಿನ ಮಾರಿದವರಲ್ಲ. ಒಂದು ಮಗು ಪರೀಕ್ಷೆಗೆ ಕೂರುವ ಹಕ್ಕನ್ನು ಹೀಗೆ ಶಾಲಿನಡಿ ಕೊಂಬಿನಂತೆ ಕೇಳಬೇಕಾಗಿ ಬಂದದ್ದಕ್ಕೆ ಅವರ ಹಲ್ಲು ಕಟಕಟ ಎಂದಿತು. ಆದರೆ ಕೈ ಒಳಗೆ ಹೋಯಿತು. ಅಣ್ಣಾರ ತೋರುಬೆರಳನ್ನು ಹಿಡಿದರು, ಒತ್ತಿದರು. ಒಂದು ಹೆಸರು. ಅಣ್ಣಾ ಕೈ ಕೊಸರಿದರು. ಸರ್ ಬಿಡಲಿಲ್ಲ, ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಹಿಡಿತ ಅದು, ಅದರಿಂದ ಬಿಡಿಸಿಕೊಂಡ ಸುಣ್ಣವಿಲ್ಲ. ಅಣ್ಣಾರ ಬೆರಳು ನಿಧಾನಕ್ಕೆ ಒಪ್ಪಿ ಬಗ್ಗಿತು. ಸರ್ ಅಷ್ಟಕ್ಕೇ ನಿಲ್ಲದೆ ನಡುಬೆರಳನ್ನೂ ಹಿಡಿದರು. ಕಿತ್ತುಕೊಂಡ ಬ್ಯಾಚು. ಅಣ್ಣಾ ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು. ಸರ್ ಮುಷ್ಟಿಯ ಮೇಲೆ ಮುಷ್ಟಿ ಕಟ್ಟಿದರು. ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು.

“ಬಾಯಿ,” ಎಂದರು ಅಣ್ಣಾ, ಕಣ್ಣು ಸರಿಸದೆ. “ಆ ಹುಡಗೀ ಹೆಸರ ಸೋಮವಾರ ಕಳಸ್ರಿ.”

ಅವರು ಕೈ ಹೊರಗೆ ತೆಗೆಯಬಹುದಿತ್ತು. ತೆಗೆಯಲಾಗಲಿಲ್ಲ. ನಡುಬೆರಳಿನ ಮಾತು ಶಾಲಿನಡಿ ಇನ್ನೂ ನಡೆದಿತ್ತು. ಗುರಲಿಂಗ ಸರ್ ಅದನ್ನು ಬಿಡುವ ಲಕ್ಷಣವಿರಲಿಲ್ಲ, ಅಣ್ಣಾರ ಒಂದು ಕಾಲು ಬೂಟಿನಿಂದ ಹೊರಬಂದು ಇನ್ನೊಂದರ ಬೆರಳಿನ ಮೇಲೆ ಏರಿತ್ತು. ಆಗ ಅಣ್ಣಾರ ದೃಷ್ಟಿ ಮೂಲೆಗೆ ಹೋಯಿತು. ಮೂರನೆಯ ಸಾಲಿನ ಬೆಂಚಿನ ಮೇಲೆ ಬ್ರಾಹ್ಮಿ, ಮೊಣಕಾಲ ಮೇಲೆ ಹಾಳೆ, ಕೈಯುದ್ದ ಚಾಚಿದ ಪೆನ್ಸಿಲು, ಒಂದು ಕಣ್ಣು ಮುಚ್ಚಿ ಶಾಲನ್ನೇ ನೋಡುತ್ತಿದ್ದಳು.

“ಮಾಸ್ತರ,” ಎಂದರು ಅಣ್ಣಾ, ಹಲ್ಲು ಕಚ್ಚಿ, “ಮೊದಲ ಆ ಹುಡಗೀ ಕಣ್ಣ ಆ ಕಡೆ ತಿರಗಸ್ರಿ.”

“ಕಣ್ಣ ತಿರಗಸೂದನ್ನ ನಾ ಕಲಿಸಿಲ್ರಿ,” ಎಂದರು ಗುರಲಿಂಗ ಸರ್, ಮತ್ತು ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿದರು.